ಓದುಗರ ಪ್ರಶ್ನೆ: ಕೆನಡಾದಲ್ಲಿ ಪಾರ್ಡನ್ ಸಿಕ್ಕಿದೆ, ಅಮೆರಿಕಕ್ಕೆ ಹೋಗಬಹುದಾ?

ಪ್ರಶ್ನೆ: ನಾವಿರುವುದು ಟೊರಾಂಟೊ ಹತ್ತಿರದ ಬ್ರಾಂಪ್ಟನ್‌ನಲ್ಲಿ. ಪಿಆರ್ (ಕಾಯಂ ನಿವಾಸದ ಹಕ್ಕು) ಸಿಕ್ಕ ಹೊಸದರಲ್ಲಿ ಅಂಗಡಿಯಲ್ಲಿ ಒಂದು ವಸ್ತು ಕದ್ದು ಸಿಕ್ಕಿಬಿದ್ದಿದ್ದೆ. ತಪ್ಪೊಪ್ಪಿಕೊಂಡು ದಂಡ ಕಟ್ಟಿದೆ. ಆಮೇಲೆ ಯಾವ ಕೇಸೂ ಇಲ್ಲ. ಈಗ ಕೆನಡಾ ಪ್ರಜೆ. ಹೋದ ವರ್ಷ ಪಾರ್ಡನ್ ಕೂಡ ಸಿಕ್ಕಿತು. ನ್ಯೂಜೆರ್ಸಿಯಲ್ಲಿ ಅಕ್ಕನ ಮಗಳ ಮದುವೆ ಇದೆ. ಗಡಿಯಲ್ಲಿ ಕೇಳಿದರೆ ‘ನನ್ನ ಮೇಲೆ ಯಾವ ಕೇಸೂ ಇಲ್ಲ’ ಅನ್ನಬಹುದಾ?

ಉತ್ತರ: ಅನ್ನಬೇಡಿ. ಮಿಕ್ಕ ವಿಷಯ ಆಮೇಲೆ, ಮೊದಲು ಇದನ್ನು ಮನಸ್ಸಲ್ಲಿಟ್ಟುಕೊಳ್ಳಿ.

ನಿಮಗೆ ಸಿಕ್ಕಿರುವುದು ಕೆನಡಾ ಕೊಟ್ಟ ಮಾಫಿ. ಅದು ನಡೆಯುವುದು ಕೆನಡಾದ ಒಳಗೆ. 2012ರಿಂದ ಕಾಗದದ ಮೇಲೆ ಅದರ ಹೆಸರು ರೆಕಾರ್ಡ್ ಸಸ್ಪೆನ್ಷನ್, ಆದರೆ ಜನ ಈಗಲೂ ಪಾರ್ಡನ್ ಅಂತಲೇ ಕರೆಯುತ್ತಾರೆ. ಕೊಡುವುದು ಕೆನಡಾದ ಪರೋಲ್ ಬೋರ್ಡ್. ಕೊಟ್ಟಮೇಲೆ ನಿಮ್ಮ ದಾಖಲೆಯನ್ನು ಪೊಲೀಸರ ರಾಷ್ಟ್ರೀಯ ಕಂಪ್ಯೂಟರಿನ ಸಾಮಾನ್ಯ ಕಡತದಿಂದ ತೆಗೆದು ಬೇರೆ ಕಡೆ ಇಡುತ್ತಾರೆ. ಕೆಲಸಕ್ಕೆ, ಬಾಡಿಗೆ ಮನೆಗೆ ಅಂತ ಯಾರಾದರೂ ಮಾಮೂಲಿ ಚೆಕ್ ಮಾಡಿಸಿದರೆ ಅದು ಕಾಣುವುದಿಲ್ಲ. ಹಾಗಂತ ಅಳಿಸಿಯೂ ಹಾಕುವುದಿಲ್ಲ. ಮತ್ತೆ ಅಪರಾಧ ಮಾಡಿದರೆ ಹಳೆಯ ದಾಖಲೆ ವಾಪಸ್ ಬರಬಹುದು.

ಇನ್ನೂ ಅರ್ಜಿ ಹಾಕದವರಿಗಾಗಿ ಎರಡು ಮಾತು. ಸಣ್ಣ ಕೇಸಾದರೆ 5 ವರ್ಷ, ದೊಡ್ಡದಾದರೆ 10 ವರ್ಷ ಕಾಯಬೇಕು. ಈ ಲೆಕ್ಕ ಶುರುವಾಗುವುದು ತೀರ್ಪು ಬಂದ ದಿನದಿಂದ ಅಲ್ಲ, ಶಿಕ್ಷೆ ಪೂರ್ತಿ ಮುಗಿದ ದಿನದಿಂದ. ದಂಡದ ಕೊನೆಯ ಕಂತು ಕಟ್ಟದೆ ಮರೆತಿದ್ದರೆ ಗಡಿಯಾರ ಓಡೋದೇ ಇಲ್ಲ. ಎಷ್ಟೋ ಜನ ಎಡವುವುದು ಇಲ್ಲೇ. ಅರ್ಜಿ ಶುಲ್ಕ ಒಂದು ಕಾಲಕ್ಕೆ 600 ಡಾಲರ್ ದಾಟಿತ್ತು, 2022ರ ಜನವರಿಯಲ್ಲಿ 50 ಡಾಲರ್‌ಗೆ ಇಳಿಯಿತು. ಬೆರಳಚ್ಚು, ಕೋರ್ಟ್ ಕಾಗದ, ಕಳೆದ 5 ವರ್ಷ ನೀವಿದ್ದ ಊರುಗಳ ಪೊಲೀಸ್ ದಾಖಲೆ, ಇವುಗಳ ಖರ್ಚು ಬೇರೆ. ನೂರಾರು ಡಾಲರ್ ಕೇಳುವ ಏಜೆಂಟರು ಬೇಕಾದಷ್ಟು ಜನ ಇದ್ದಾರೆ. ಅವರಿಂದ ಬಂತು ಅಂತ ಬೋರ್ಡ್ ನಿಮ್ಮ ಅರ್ಜಿಯನ್ನು ಮೊದಲು ನೋಡುವುದಿಲ್ಲ. ಫಾರಂ ಉಚಿತ, ನೀವೇ ತುಂಬಬಹುದು.

ಅರ್ಜಿ ಕಳಿಸುವ ಮೊದಲು ಕೋರ್ಟಿನ ದೃಢೀಕೃತ ಪ್ರತಿಗಳನ್ನು ಒಂದಕ್ಕಿಂತ ಜಾಸ್ತಿ ತೆಗೆದಿಟ್ಟುಕೊಳ್ಳಿ. ಬೆರಳಚ್ಚಿನ ಮೇಲೆ ಬಂದ ಪೊಲೀಸ್ ವರದಿಯ ಪ್ರತಿಯೂ ಕೈಲಿರಲಿ. ಮಾಫಿ ಸಿಕ್ಕಮೇಲೆ ಇವನ್ನು ಹೊರತೆಗೆಸುವುದು ತಲೆನೋವಿನ ಕೆಲಸ. ಅಮೆರಿಕ ಕೇಳುವುದು ಸರಿಯಾಗಿ ಇವನ್ನೇ.

ಈಗ ಅಮೆರಿಕದ ವಿಷಯಕ್ಕೆ ಬರೋಣ. ಬೇರೆ ದೇಶ ಕೊಟ್ಟ ಮಾಫಿಯನ್ನು ಅಮೆರಿಕದ ವಲಸೆ ಕಾನೂನು ಲೆಕ್ಕಕ್ಕೆ ಇಡುವುದಿಲ್ಲ. ಅಲ್ಲಿನ ಅಧಿಕಾರಿ ಕೇಳುವುದು ನಿಮ್ಮನ್ನು ಯಾವತ್ತಾದರೂ ಬಂಧಿಸಿದ್ದಾರಾ, ಶಿಕ್ಷೆ ಆಗಿದೆಯಾ ಅಂತ. ಆ ಪ್ರಶ್ನೆಗೆ ನಿಮ್ಮ ಉತ್ತರ ‘ಹೌದು’. ಕೆನಡಾದ ಪೊಲೀಸ್ ಕಂಪ್ಯೂಟರನ್ನು ಗಡಿ ಅಧಿಕಾರಿಗಳು ನೋಡಬಲ್ಲರು. ಪಾರ್ಡನ್‌ಗಿಂತ ಮುಂಚೆ ನೀವು ಒಂದು ಸಲ ಗಡಿ ದಾಟಿ, ಆಗ ಅವರು ನಿಮ್ಮ ಕಡತ ತೆಗೆದು ನೋಡಿದ್ದರೆ ಆ ಮಾಹಿತಿ ಅವರ ಕಡೆ ಉಳಿದಿರಬಹುದು. ಕೆನಡಾ ತನ್ನ ಕಪಾಟಿಗೆ ಬೀಗ ಹಾಕಿದರೆ ಅವರ ಕಪಾಟಿಗೆ ಬೀಗ ಬೀಳುವುದಿಲ್ಲ, ಅಲ್ವಾ? ಕೇಸೇ ಇಲ್ಲ ಅಂತ ಹೇಳಿ ಸಿಕ್ಕಿಬಿದ್ದರೆ ಕಥೆ ಕೆಡುತ್ತದೆ. ಹಳೆಯ ಕಳ್ಳತನಕ್ಕಿಂತ ಸುಳ್ಳು ಹೇಳಿದ್ದೇ ದೊಡ್ಡ ತೊಂದರೆ ಆಗುತ್ತದೆ, ಅದರಿಂದ ಜೀವಮಾನವಿಡೀ ಪ್ರವೇಶ ನಿಲ್ಲಬಹುದು.

ಎಲ್ಲ ಕೇಸೂ ಅಡ್ಡಿ ಅಲ್ಲ. ಒಂದೇ ಒಂದು ಸಲ ಕುಡಿದು ಗಾಡಿ ಓಡಿಸಿದ್ದು, ಯಾರಿಗೂ ಏಟಾಗಿಲ್ಲ ಅಂದರೆ ಸಾಮಾನ್ಯವಾಗಿ ಅದೊಂದೇ ಕಾರಣಕ್ಕೆ ಅಮೆರಿಕ ತಡೆಯುವುದಿಲ್ಲ. ಕಳ್ಳತನ, ಮೋಸ, ಫೋರ್ಜರಿ, ಡ್ರಗ್ಸ್ ಪ್ರವೇಶಕ್ಕೆ ಅಡ್ಡಿಯಾಗುವ ಸಾಲಿಗೆ ಸೇರುತ್ತವೆ. ಕಳ್ಳತನಕ್ಕೆ ಒಂದು ಸಣ್ಣ ವಿನಾಯಿತಿ ಇದೆ. ಅಂಥ ಅಪರಾಧ ಒಂದೇ ಇರಬೇಕು, ಕಾನೂನಿನಲ್ಲಿ ಅದಕ್ಕಿರುವ ಗರಿಷ್ಠ ಶಿಕ್ಷೆ 1 ವರ್ಷ ಮೀರಬಾರದು, ನಿಮಗೆ ಬಿದ್ದ ಜೈಲು 6 ತಿಂಗಳು ಮೀರಬಾರದು. ಜೈಲಿನ ಷರತ್ತು ನಿಮಗೆ ತೊಂದರೆ ಇಲ್ಲ, ದಂಡ ಮಾತ್ರ ಅಲ್ವಾ. ಗರಿಷ್ಠ ಶಿಕ್ಷೆಯ ಷರತ್ತೇ ತೊಡಕಿನದು. ಕೆನಡಾದಲ್ಲಿ ಅಂಗಡಿ ಕಳ್ಳತನದ ಕೇಸನ್ನು ಸರಕಾರಿ ವಕೀಲರು ಹಗುರ ದಾರಿಯಲ್ಲೂ ನಡೆಸಬಹುದು, ಭಾರಿ ದಾರಿಯಲ್ಲೂ ನಡೆಸಬಹುದು. ನಿಮ್ಮದು ಯಾವ ದಾರಿಯಲ್ಲಿ ನಡೆಯಿತು, ಯಾವ ವರ್ಷ ನಡೆಯಿತು ಅನ್ನುವುದು ಕೋರ್ಟ್ ಕಾಗದದಲ್ಲಿರುತ್ತದೆ. ಆ ಕಾಗದ ಹಿಡಿದುಕೊಂಡು ಅಮೆರಿಕದ ವಲಸೆ ವಕೀಲರೊಬ್ಬರನ್ನು ಒಂದು ಸಲ ಕಾಣಿ. ಈ ಒಂದು ಕಡೆ ದುಡ್ಡು ಖರ್ಚು ಮಾಡಿ ಅಂತ ನಾನೇ ಹೇಳುತ್ತೇನೆ.

ವಿನಾಯಿತಿ ಸಿಗದಿದ್ದರೆ ವೇವರ್ ಬೇಕು, ಅಂದರೆ ಅಡ್ಡಿ ಇದ್ದರೂ ಒಳಗೆ ಬಿಡುತ್ತೇವೆ ಅಂತ ಅಮೆರಿಕ ಕೊಡುವ ಅನುಮತಿ. ಕೆನಡಾ ಪ್ರಜೆಗಳು ತುಂಬುವ ಫಾರಂ ಐ-192. 2024ರ ಏಪ್ರಿಲ್‌ನಿಂದ ಶುಲ್ಕ 1,100 ಅಮೆರಿಕನ್ ಡಾಲರ್, ತಿರಸ್ಕಾರವಾದರೆ ವಾಪಸ್ ಬರೋದಿಲ್ಲ. ಜೊತೆಗೆ ಬೆರಳಚ್ಚಿನ ಪೊಲೀಸ್ ವರದಿ, ಕೋರ್ಟ್ ಕಾಗದ, ಏನಾಯಿತು ಅಂತ ನೀವೇ ಬರೆದು ಸಹಿ ಹಾಕಿದ ಹೇಳಿಕೆ ಇಡಬೇಕು. ಉದ್ಯೋಗ ಮತ್ತು ಮನೆಯ ದಾಖಲೆ, ನಿಮ್ಮನ್ನು ಬಲ್ಲವರ ಪತ್ರ ಇದ್ದರೆ ಒಳ್ಳೆಯದು. ಪಾರ್ಡನ್ ಪತ್ರವನ್ನೂ ಸೇರಿಸಿ. ತಾನಾಗಿ ಬಾಗಿಲು ತೆಗೆಯದಿದ್ದರೂ ನೀವು ಸುಧಾರಿಸಿದ್ದೀರಿ ಅನ್ನುವುದಕ್ಕೆ ಅದೇ ಗಟ್ಟಿ ಸಾಕ್ಷಿ.

ಹೇಳಿಕೆ ಬರೆಯುವಾಗ ‘ಏನೋ ಗ್ರಹಚಾರ, ಗೊತ್ತಿಲ್ಲದೆ ಆಯಿತು’ ಅಂತ ಎಳೆಯಬೇಡಿ. ಯಾವ ದಿನ, ಯಾವ ಅಂಗಡಿ, ಯಾವ ವಸ್ತು, ಎಷ್ಟು ಬೆಲೆ, ಕೋರ್ಟ್ ಏನು ಹೇಳಿತು, ದಂಡ ಯಾವಾಗ ಕಟ್ಟಿದಿರಿ, ಇಷ್ಟನ್ನು ನೇರವಾಗಿ ಬರೆಯಿರಿ. ಕೋರ್ಟ್ ಕಾಗದಕ್ಕೂ ನಿಮ್ಮ ಮಾತಿಗೂ ಒಂದು ಕೂದಲಿನಷ್ಟೂ ವ್ಯತ್ಯಾಸ ಇರಬಾರದು. ಅಧಿಕಾರಿ ತೂಗುವುದು ಮೂರು ಸಂಗತಿ: ನಿಮ್ಮನ್ನು ಬಿಟ್ಟರೆ ಅಪಾಯ ಇದೆಯಾ, ಹಳೆಯ ತಪ್ಪು ಎಷ್ಟು ಗಂಭೀರ, ಯಾಕೆ ಬರುತ್ತಿದ್ದೀರಿ. ಈ ಅಳತೆ 1978ರಲ್ಲಿ ಕೆನಡಾದ ಮಹಿಳೆಯೊಬ್ಬರ ಕೇಸಿನಲ್ಲಿ ಅಮೆರಿಕದ ವಲಸೆ ಮೇಲ್ಮನವಿ ಮಂಡಳಿ ಹೇಳಿದ್ದು. ಬರುವ ಕಾರಣ ತೀರಾ ತುರ್ತಿನದ್ದೇ ಆಗಬೇಕಿಲ್ಲ ಅಂತಲೂ ಅದೇ ತೀರ್ಪು ಹೇಳಿತು. ಹಾಗಾಗಿ ಅಕ್ಕನ ಮಗಳ ಮದುವೆ ಸಾಕಾದಷ್ಟು ಒಳ್ಳೆಯ ಕಾರಣ. ಉತ್ತರ ಬರಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಲಗ್ನಪತ್ರಿಕೆ ಅಚ್ಚಾಗುವ ತನಕ ಕಾಯಬೇಡಿ. ಸಿಕ್ಕರೆ ಗರಿಷ್ಠ 5 ವರ್ಷದವರೆಗೆ ಕೊಡಬಹುದು. ವೇವರ್ ಬೇಕೇ ಇಲ್ಲ ಅಂತ ಅವರೇ ಬರೆದುಕೊಡುವುದೂ ಉಂಟು. ವಕೀಲರ ಬಾಯಲ್ಲಿ ಅದು ಸೆಪ್ಟೆಂಬರ್ ಲೆಟರ್. ಅದು ಸಿಕ್ಕರೆ ಪಾಸ್‌ಪೋರ್ಟ್ ಜೊತೆಯಲ್ಲೇ ಇಟ್ಟುಕೊಂಡು ಓಡಾಡಿ.

ಇನ್ನೂ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವ ಪಿಆರ್ ಆದರೆ ದಾರಿ ಬೇರೆ. ಅಮೆರಿಕದ ವೀಸಾ ಹೇಗೂ ಬೇಕು, ವೇವರ್ ಕೇಳುವುದೂ ವೀಸಾ ಕೊಡುವ ಅಮೆರಿಕದ ಕಾನ್ಸುಲೇಟಿನ ಮೂಲಕವೇ.

ಗಾಂಜಾ ಕೇಸಿನವರ ಪಾಡು ಇನ್ನೂ ವಿಚಿತ್ರ. ಕೆನಡಾ 2018ರ ಅಕ್ಟೋಬರ್ 17ರಿಂದ ಗಾಂಜಾ ಕಾನೂನುಬದ್ಧ ಮಾಡಿತು. ಬರೀ ಇಟ್ಟುಕೊಂಡಿದ್ದ ಹಳೆಯ ಕೇಸುಗಳಿಗೆ 2019ರ ಆಗಸ್ಟ್‌ನಿಂದ ಶುಲ್ಕವಿಲ್ಲದ, ಕಾಯಬೇಕಿಲ್ಲದ ಪಾರ್ಡನ್ ಕೊಟ್ಟಿತು. ಅಮೆರಿಕದ ಗಡಿಯಲ್ಲಿ ಮಾತ್ರ ಅದು ಈಗಲೂ ಡ್ರಗ್ಸ್ ಕೇಸೇ.

ಬೆಂಗಳೂರಿಗೆ ಟಿಕೆಟ್ ಮಾಡುವಾಗಲೂ ಇದು ನೆನಪಿರಲಿ. ಅಗ್ಗ ಅಂತ ಅಮೆರಿಕದ ಮೇಲೆ ಹೋಗುವ ವಿಮಾನ ಹಿಡಿದರೆ, ಅಲ್ಲಿ ಎರಡು ಗಂಟೆ ಮಾತ್ರ ಇಳಿದರೂ ಪೂರ್ತಿ ವಲಸೆ ತಪಾಸಣೆ ಇದೆ. ಟೊರಾಂಟೊ ಪಿಯರ್ಸನ್‌ನಲ್ಲಿ ಹತ್ತುವ ಮುಂಚೆಯೇ ಅಮೆರಿಕದ ಅಧಿಕಾರಿಗಳು ಕೂತಿರುತ್ತಾರೆ. ಫ್ರಾಂಕ್‌ಫರ್ಟ್ ಅಥವಾ ದುಬೈ ಮೇಲೆ ಹೋಗಿ. ಬ್ರಿಟನ್‌ಗೆ ಹೋಗುವ ಕೆನಡಾ ಪ್ರಜೆಗಳಿಗೆ 2025ರ ಜನವರಿಯಿಂದ ಆನ್‌ಲೈನ್ ಅನುಮತಿ ಬೇಕು, ಅದರಲ್ಲೂ ಅಪರಾಧದ ಪ್ರಶ್ನೆ ಇದೆ. ಅಲ್ಲಿ ಮುಖ್ಯವಾಗಿ ನೋಡುವುದು 12 ತಿಂಗಳು ಅಥವಾ ಜಾಸ್ತಿ ಜೈಲು ಬಿದ್ದಿದೆಯಾ, ಇಲ್ಲಾ ಕಳೆದ 12 ತಿಂಗಳಲ್ಲಿ ಶಿಕ್ಷೆ ಆಗಿದೆಯಾ ಅಂತ. ಹಳೆಯ ದಂಡದ ಕೇಸಿಗೆ ಅಷ್ಟು ಗಾಬರಿ ಬೇಡ.

ಊರಿನಿಂದ ಕೆನಡಾಕ್ಕೆ ಬರುವವರೂ ಇದೇ ಥರ ಸಿಕ್ಕಿಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ಡ್ರಿಂಕ್ ಅಂಡ್ ಡ್ರೈವ್‌ನಲ್ಲಿ ಸಿಕ್ಕಿ, ಕೋರ್ಟಿಗೆ ಹೋಗಿ ತಪ್ಪೊಪ್ಪಿಕೊಂಡು 10,000 ರೂಪಾಯಿ ಕಟ್ಟಿ ಬಂದವರು ಅದನ್ನು ಟ್ರಾಫಿಕ್ ಫೈನ್ ಅಂದುಕೊಳ್ಳುತ್ತಾರೆ. ಅದು ಶಿಕ್ಷೆಯೇ. ಕೆನಡಾದಲ್ಲಿ 2018ರ ಡಿಸೆಂಬರ್ 18ರಿಂದ ಕುಡಿದು ಗಾಡಿ ಓಡಿಸುವುದಕ್ಕೆ ಗರಿಷ್ಠ ಶಿಕ್ಷೆ 10 ವರ್ಷ, ಆದ್ದರಿಂದ ವಲಸೆ ಕಾನೂನಿನ ಕಣ್ಣಲ್ಲಿ ಅದು ಗಂಭೀರ ಅಪರಾಧ. ಮೊಮ್ಮಗುವನ್ನು ನೋಡಲು ಬರುವ ಅಪ್ಪನ ವೀಸಾ ಅರ್ಜಿಯಲ್ಲೂ ಅದನ್ನು ಬರೆಯಲೇಬೇಕು. ಶಿಕ್ಷೆ ಮುಗಿದು 5 ವರ್ಷ ಆಗಿದ್ದರೆ ‘ಸುಧಾರಿಸಿದ್ದಾರೆ’ ಅಂತ ಒಪ್ಪಿಕೊಳ್ಳಲು ಬೇರೆ ಅರ್ಜಿ ಹಾಕಬಹುದು. ಅಷ್ಟಾಗಿಲ್ಲ, ಬರಲೇಬೇಕು ಅನ್ನುವವರು ಟೆಂಪರರಿ ರೆಸಿಡೆಂಟ್ ಪರ್ಮಿಟ್ (ಅಡ್ಡಿ ಇದ್ದರೂ ಸ್ವಲ್ಪ ಕಾಲ ಕೆನಡಾದಲ್ಲಿರಲು ಕೊಡುವ ಅನುಮತಿ) ಕೇಳಬೇಕು. ದಂಡ ಕಟ್ಟಿದ ಕೋರ್ಟ್ ರಸೀದಿಯನ್ನು ಸುಮ್ನೆ ಬಿಸಾಕಬೇಡಿ ಅಂತ ಮನೆಯವರಿಗೆ ಈಗಲೇ ಹೇಳಿಡಿ. ಎರಡೂ ಅರ್ಜಿಗೆ ಅದು ಬೇಕಾಗುತ್ತದೆ.