ಟಿಡಿಎಸ್ ಇಳಿಯಲಿಲ್ಲ, ಗಡಸುತನ ಇಳಿದಿತ್ತು

ನೀರಿನ ಪರೀಕ್ಷೆಗೆಂದು ನಮ್ಮ ಪ್ರಯೋಗಾಲಯಕ್ಕೆ ಬರುವವರಿಂದ ಒಂದು ದೂರು ಪದೇ ಪದೇ ಕೇಳಿಬರುತ್ತದೆ. ನಲ್ಲಿಯಲ್ಲಿ ಬರುವ ಗಡಸು ನೀರಿನ ಕಾಟ ತಾಳಲಾರದೆ ಮನೆಗೆ ಗಡಸುತನ ಇಳಿಸುವ ಸಾಫ್ಟ್‌ನರ್ ಯಂತ್ರ ಹಾಕಿಸಿರುತ್ತಾರೆ. ಮರುದಿನ ಪೆನ್ನಿನಾಕಾರದ ಟಿಡಿಎಸ್ (ಕರಗಿರುವ ಒಟ್ಟು ಲವಣ) ಮೀಟರನ್ನು ಅದ್ದಿ ನೋಡಿದರೆ ಅಂಕಿ ಇಳಿದೇ ಇರುವುದಿಲ್ಲ, ಒಮ್ಮೊಮ್ಮೆ ತುಸು ಏರಿಯೂ ಇರುತ್ತದೆ. ಈಚೆಗೆ ಬಂದಿದ್ದ ಒಬ್ಬರು ಎರಡು ಬಾಟಲಿಗಳನ್ನು ಮೇಜಿನ ಮೇಲಿಟ್ಟು, "ಸಾರ್, ಇದು ಮಿಷನ್ನಿಗೆ ಹೋಗುವ ನೀರು, ಇದು ಅದರಿಂದ ಬಂದದ್ದು. ಎರಡೂ ಒಂದೇ. ನನಗೆ ಚೆನ್ನಾಗಿ ಟೋಪಿ ಹಾಕಿದ್ದಾರೆ" ಎಂದರು. ಪರೀಕ್ಷಿಸಿದಾಗ ಮೊದಲನೆಯದರ ಗಡಸುತನ ಲೀಟರಿಗೆ 340 ಮಿಲಿಗ್ರಾಂ, ಎರಡನೆಯದರದು 20ಕ್ಕಿಂತ ಕಡಿಮೆ. ಯಂತ್ರ ತನ್ನ ಕೆಲಸವನ್ನು ಮಾಡಿತ್ತು. ಮೀಟರು ಅಳೆದದ್ದು ಬೇರೊಂದು ಸಂಗತಿಯನ್ನು.

ಆ ಮೀಟರು ನೀರಿನಲ್ಲಿ ವಿದ್ಯುತ್ತು ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನಷ್ಟೇ ಅಳೆದು, ಅದನ್ನು ಒಂದು ನಿಗದಿತ ಸಂಖ್ಯೆಯಿಂದ ಗುಣಿಸಿ, ಕರಗಿರುವ ಲವಣಗಳ ಒಟ್ಟು ಅಂದಾಜನ್ನು ಕೊಡುತ್ತದೆ. ಅಡುಗೆ ಉಪ್ಪು ಕರಗಿದ್ದರೂ ಸುಣ್ಣದಂಶ ಕರಗಿದ್ದರೂ ಅದಕ್ಕೆ ಭೇದವಿಲ್ಲ. ಗಡಸುತನವೆಂದರೆ ಆ ಒಟ್ಟು ಲವಣಗಳಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳ ಪಾಲು ಮಾತ್ರ. ಅದನ್ನು ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕಕ್ಕೆ ತಂದು ಹೇಳುವುದು ವಾಡಿಕೆ. ಸಾಫ್ಟ್‌ನರಿನೊಳಗಿನ ರೆಸಿನ್ ಮಣಿಗಳು ಈ ಎರಡನ್ನೂ ಹಿಡಿದಿಟ್ಟುಕೊಂಡು ಬದಲಿಗೆ ಸೋಡಿಯಂ ಬಿಟ್ಟುಕೊಡುತ್ತವೆ. 40 ಪಾಲು ತೂಕದ ಕ್ಯಾಲ್ಸಿಯಂ ಹೋದ ಜಾಗಕ್ಕೆ 46 ಪಾಲು ಸೋಡಿಯಂ ಬರುವುದರಿಂದ ಒಟ್ಟು ಲವಣ ಕಡಿಮೆಯಾಗುವ ಮಾತೇ ಇಲ್ಲ. ಟಿಡಿಎಸ್ ಇಳಿಯಲಿಲ್ಲವೆಂದು ಸಾಫ್ಟ್‌ನರನ್ನು ದೂರುವುದು, ಜ್ವರ ಇಳಿಯಿತೇ ಎಂದು ತಿಳಿಯಲು ತೂಕ ನೋಡಿದ ಹಾಗೆ.

ಹಾಗಾದರೆ ಅಳೆಯುವುದು ಹೇಗೆ? 50 ಮಿಲಿಲೀಟರ್ ನೀರನ್ನು ಫ್ಲಾಸ್ಕಿಗೆ ಹಾಕಿ, ಅಮೋನಿಯ ಬೆರೆತ ದ್ರಾವಣದಿಂದ ಅದರ ಪಿಎಚ್ ಅನ್ನು 10ಕ್ಕೆ ತಂದು, ಎರಿಯೋಕ್ರೋಮ್ ಬ್ಲ್ಯಾಕ್ ಟಿ ಎಂಬ ಸೂಚಕದ ಒಂದು ಚಿಟಿಕೆ ಉದುರಿಸಿದರೆ ನೀರು ದ್ರಾಕ್ಷಾರಸದಂತೆ ಕೆಂಪಾಗುತ್ತದೆ. ಮೇಲಿನಿಂದ ಬ್ಯೂರೆಟ್ ಎಂಬ ಅಳತೆಗೊಳವೆಯ ಮೂಲಕ, ಕ್ಯಾಲ್ಸಿಯಂ ಮೆಗ್ನೀಸಿಯಂಗಳನ್ನು ಹಿಡಿದುಕೊಳ್ಳುವ ಇಡಿಟಿಎ ಎಂಬ ರಾಸಾಯನಿಕದ ದ್ರಾವಣವನ್ನು ಹನಿ ಹನಿಯಾಗಿ ಬಿಡುತ್ತ ಹೋದಂತೆ ಕೆಂಪು ನೇರಳೆಗೆ ತಿರುಗಿ, ಕೊನೆಯ ಒಂದು ಹನಿಗೆ ಅಚ್ಚ ನೀಲಿಯಾಗುತ್ತದೆ. ಜೂರಿಕ್ಕಿನ ರಸಾಯನವಿಜ್ಞಾನಿ ಗೆರೋಲ್ಡ್ ಶ್ವಾರ್ಜೆನ್‌ಬಾಖ್ 1940ರ ದಶಕದಲ್ಲಿ ರೂಪಿಸಿಕೊಟ್ಟ ವಿಧಾನವಿದು. ದೂರು ತಂದವರ ಮೊದಲ ಬಾಟಲಿಯ ನೀರಿಗೆ 17 ಮಿಲಿಲೀಟರ್ ಇಡಿಟಿಎ ಬೇಕಾಯಿತು; ಎರಡನೆಯದು ಒಂದು ಮಿಲಿಲೀಟರ್ ಇಳಿಯುವ ಮೊದಲೇ ನೀಲಿಯಾಯಿತು. ನಮ್ಮ ದ್ರಾವಣದ ಸಾಂದ್ರತೆಗೆ ಒಂದು ಮಿಲಿಲೀಟರ್ ಎಂದರೆ ಲೀಟರಿಗೆ 20 ಮಿಲಿಗ್ರಾಂ ಗಡಸುತನ. ಇಷ್ಟನ್ನು ಕಣ್ಣಾರೆ ಕಂಡ ಮೇಲೆ ಅವರ ದೂರು ಅಲ್ಲಿಗೆ ನಿಂತಿತು. ಲೀಟರಿಗೆ 60 ಮಿಲಿಗ್ರಾಂವರೆಗೆ ಮೆದು ನೀರು, 120ರವರೆಗೆ ಸಾಧಾರಣ ಗಡಸು, 180 ದಾಟಿದರೆ ಬಹಳ ಗಡಸು ಎಂಬುದು ಬಳಕೆಯಲ್ಲಿರುವ ಒಂದು ವಿಂಗಡಣೆ.

ಮನೆಯಲ್ಲಿ ಕಾಣುವ ತೊಂದರೆಗಳಿಗೆಲ್ಲ ಈ ಒಂದು ಅಂಕಿಯೂ ಸಾಲದು. ಕ್ಯಾಲ್ಸಿಯಂ ಬೈಕಾರ್ಬೊನೇಟ್ ರೂಪದಲ್ಲಿದ್ದರೆ ಅದು ತಾತ್ಕಾಲಿಕ ಗಡಸುತನ. ಕಾಯಿಸಿದೊಡನೆ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ, ಕರಗದ ಕಾರ್ಬೊನೇಟ್ ಬಿಳಿಯ ಪದರವಾಗಿ ಕೂರುತ್ತದೆ. ಸಲ್ಫೇಟ್, ಕ್ಲೋರೈಡ್ ರೂಪದಲ್ಲಿದ್ದರೆ ಅದು ಕುದಿಸಿದರೂ ಹೋಗದ ಶಾಶ್ವತ ಗಡಸುತನ. ಸಕ್ಕರೆಯಂಥ ಪದಾರ್ಥಗಳು ಬಿಸಿ ನೀರಿನಲ್ಲಿ ಹೆಚ್ಚು ಕರಗಿದರೆ ಕ್ಯಾಲ್ಸಿಯಂ ಕಾರ್ಬೊನೇಟಿನದು ತದ್ವಿರುದ್ಧ ಸ್ವಭಾವ. ತಣ್ಣೀರಿನ ಪೈಪು ವರ್ಷಗಟ್ಟಲೆ ಚೆನ್ನಾಗಿದ್ದು, ಗೀಸರಿನ ಕಾಯಿಲ್ ಮಾತ್ರ ಕಿಟ್ಟ ಹಿಡಿದು ಸುಟ್ಟುಹೋಗುವ ಗುಟ್ಟು ಇಲ್ಲಿದೆ. ಒಂದು ಲೆಕ್ಕ ನೋಡಿ: ತಾತ್ಕಾಲಿಕ ಗಡಸುತನ 200 ಮಿಲಿಗ್ರಾಂ ಇರುವ ನೀರನ್ನು ದಿನಕ್ಕೆ 100 ಲೀಟರ್ ಕಾಯಿಸಿದರೆ ಗೀಸರಿನ ಮೂಲಕ ದಿನವೂ 20 ಗ್ರಾಂ ಸುಣ್ಣದಂಶ ಹಾಯುತ್ತದೆ. ಅದರಲ್ಲಿ ಹತ್ತರಲ್ಲೊಂದು ಪಾಲು ಮಾತ್ರ ಒಳಗೆ ಉಳಿಯಿತೆಂದುಕೊಂಡರೂ ವರ್ಷಕ್ಕೆ 730 ಗ್ರಾಂ ಆಯಿತು.

ಈ ಪದರದಿಂದ ವಿದ್ಯುತ್ ಬಿಲ್ಲು ವಿಪರೀತ ಏರುತ್ತದೆ ಎಂದು ಜಾಹೀರಾತುಗಳು ಹೇಳುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಅನಿಲದ ಗೀಸರಿನಲ್ಲಿ ನೀರಿಗೆ ಇಳಿಯದ ಶಾಖ ಹೊಗೆಯೊಂದಿಗೆ ಹೊರಟುಹೋಗುವುದರಿಂದ ಅಲ್ಲಿ ಆ ಮಾತಿಗೆ ಅರ್ಥವಿದೆ. ಆದರೆ ನೀರಿನಲ್ಲೇ ಮುಳುಗಿರುವ ವಿದ್ಯುತ್ ಕಾಯಿಲಿನ ಶಾಖಕ್ಕೆ ನೀರಲ್ಲದೆ ಬೇರೆ ದಾರಿ ಇಲ್ಲ. ತಡವಾಗಿಯಾದರೂ ಅದು ನೀರನ್ನೇ ಸೇರುತ್ತದೆ. ನಷ್ಟವಾಗುವುದು ಕಾಯಿಲಿಗೆ. ಪದರದ ಶಾಖವಾಹಕತೆ ತಾಮ್ರದ ನೂರರಲ್ಲೊಂದು ಪಾಲೂ ಇರುವುದಿಲ್ಲವಾದ್ದರಿಂದ ಕಾಯಿಲ್ ತಾನೇ ಮಿತಿಮೀರಿ ಕಾದು ಒಂದು ದಿನ ಸೀಳುತ್ತದೆ. ಗೀಸರಿನ ಉಷ್ಣತೆಯನ್ನು 60 ಡಿಗ್ರಿಯ ಆಸುಪಾಸಿಗೆ ನಿಲ್ಲಿಸಿ, ವರ್ಷಕ್ಕೊಮ್ಮೆ ಬಿಚ್ಚಿಸಿ ತೊಳೆಸಿದರೆ ಈ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ಶವರಿನ ತೂತುಗಳು ಕಟ್ಟಿಕೊಂಡಿದ್ದರೆ ಒಂದು ರಾತ್ರಿ ವಿನೆಗರಿನಲ್ಲಿ ನೆನೆಹಾಕಿದರಾಯಿತು. ಗುಳ್ಳೆಗಳೆದ್ದರೆ ಅದು ಕಾರ್ಬೊನೇಟೇ ಎಂದು ಖಾತ್ರಿಯೂ ಆಗುತ್ತದೆ.

ಸೋಪಿನದು ಬೇರೆ ಕಥೆ. ಅದರ ಕೊಬ್ಬಿನಾಮ್ಲ ಕ್ಯಾಲ್ಸಿಯಮ್ಮಿನೊಂದಿಗೆ ಕೂಡಿ ಕರಗದ ಜಿಗುಟಾಗುವುದರಿಂದ, ನೀರಿನ ಗಡಸುತನವೆಲ್ಲ ತೀರುವವರೆಗೆ ನೊರೆ ಏಳುವುದಿಲ್ಲ. ಬಕೆಟ್ಟಿನ ಅಂಚಿನ ಬೂದು ಗೆರೆ, ಬಟ್ಟೆಯ ಒರಟುತನ, ತೊಳೆದಷ್ಟೂ ಅಂಟಂಟಾಗುವ ಕೂದಲು ಇವೆಲ್ಲ ಆ ಜಿಗುಟಿನವೇ. ಡಿಟರ್ಜೆಂಟ್ ಪುಡಿಗಳಲ್ಲಿ ಗಡಸುತನವನ್ನು ಹಿಡಿದಿಡುವ ಪದಾರ್ಥಗಳನ್ನು ಮೊದಲೇ ಸೇರಿಸಿರುವುದರಿಂದ ಅಲ್ಲಿ ತೊಂದರೆ ಕಡಿಮೆ. ಒಣಗಿದ ಕಾಳುಗಳು ಬೇಯಲು ಸತಾಯಿಸುವುದಕ್ಕೂ ಕ್ಯಾಲ್ಸಿಯಮ್ಮೇ ಕಾರಣ: ಕಾಳಿನ ಕೋಶಗಳನ್ನು ಬೆಸೆದಿರುವ ಪೆಕ್ಟಿನ್ನನ್ನು ಅದು ಇನ್ನಷ್ಟು ಬಿಗಿಗೊಳಿಸುತ್ತದೆ.

ಆರೋಗ್ಯದ ವಿಷಯದಲ್ಲಿ ಹೆದರಿಕೆ ಹೆಚ್ಚು, ಆಧಾರ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯು ಗಡಸುತನಕ್ಕೆ ಆರೋಗ್ಯದ ದೃಷ್ಟಿಯ ಮಿತಿಯನ್ನೇ ಸೂಚಿಸಿಲ್ಲ. ಗಡಸು ನೀರು ಕುಡಿದರೆ ಮೂತ್ರಪಿಂಡದಲ್ಲಿ ಕಲ್ಲಾಗುತ್ತದೆ ಎಂಬ ನಂಬಿಕೆಗೂ ಗಟ್ಟಿಯಾದ ಪುರಾವೆಯಿಲ್ಲ. ಪಾತ್ರೆಯಲ್ಲಿ ಬಿಳಿ ಪದರ ಕಂಡವರು ಹೊಟ್ಟೆಯಲ್ಲೂ ಹಾಗೆಯೇ ಎಂದು ಊಹಿಸಿಕೊಂಡದ್ದೇ ಹೆಚ್ಚು. ಎಸ್ಜಿಮಾ ಎಂಬ ಚರ್ಮದ ಕಾಯಿಲೆ ಇರುವ 336 ಮಕ್ಕಳ ಮೇಲೆ ಇಂಗ್ಲೆಂಡಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಮನೆಗೆ ಸಾಫ್ಟ್‌ನರ್ ಹಾಕಿಸಿದ್ದರಿಂದ ಎಂದಿನ ಚಿಕಿತ್ಸೆಗಿಂತ ಹೆಚ್ಚಿನ ಗುಣವೇನೂ ಕಂಡುಬರಲಿಲ್ಲ.

ಮೆದು ನೀರೆಂದರೆ ಒಳ್ಳೆಯ ನೀರು ಎನ್ನುವುದಕ್ಕೂ ಆಗದು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರವು 1859ರಲ್ಲಿ ಕ್ಯಾಟ್ರಿನ್ ಸರೋವರದಿಂದ ತಂದುಕೊಂಡ ನೀರು ಬಹಳ ಮೆದುವಾಗಿತ್ತು. ಆದರೆ ಅಂಥ ನೀರು ಪೈಪಿನೊಳಗೆ ರಕ್ಷಣೆಯ ಪದರ ಕಟ್ಟುವುದಿಲ್ಲ; ಮನೆಮನೆಯ ಸೀಸದ ಕೊಳವೆಗಳಿಂದ ಸೀಸ ಕರಗಿ ನೀರಿಗೆ ಸೇರುತ್ತಿದ್ದುದನ್ನು ತಡೆಯಲು 1970ರ ದಶಕದ ಕೊನೆಗೆ ಅಲ್ಲಿ ಸುಣ್ಣ ಬೆರೆಸಬೇಕಾಯಿತು. ತಮಾಷೆಯೆಂದರೆ ಅದೇ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಪ್ರಾಧ್ಯಾಪಕರಾಗಿದ್ದ ಥಾಮಸ್ ಕ್ಲಾರ್ಕ್ 1841ರಲ್ಲಿ ಪೇಟೆಂಟ್ ಪಡೆದದ್ದು ಸುಣ್ಣ ಬೆರೆಸಿಯೇ ಗಡಸುತನವನ್ನು ಇಳಿಸುವ ಕ್ರಮಕ್ಕೆ.

ನಗರಗಳಲ್ಲಿ ಇನ್ನೊಂದು ತೊಡಕಿದೆ. ನದಿಯ ನೀರೂ ಕೊಳವೆಬಾವಿಯ ನೀರೂ ಒಂದೇ ತೊಟ್ಟಿಯಲ್ಲಿ ಬೆರೆಯುವ ಮನೆಗಳಲ್ಲಿ ಗಡಸುತನ ವಾರದಿಂದ ವಾರಕ್ಕೆ ಬದಲಾಗುತ್ತದೆ. ಒಂದೇ ಮಾದರಿ ತಂದುಕೊಟ್ಟರೆ ಪ್ರಯೋಗಾಲಯ ಹೇಳುವುದು ಆ ದಿನದ ಮಾತನ್ನಷ್ಟೇ. ತೊಟ್ಟಿಗೆ ಬೀಳುವ ಮೊದಲಿನದೊಂದು, ಅಡುಗೆಮನೆಯ ನಲ್ಲಿಯದೊಂದು ಬೇರೆ ಬೇರೆಯಾಗಿ ತಂದರೆ ದೋಷ ಎಲ್ಲಿ ಸೇರುತ್ತಿದೆ ಎಂಬುದೂ ತಿಳಿಯುತ್ತದೆ. ಲೋಟಕ್ಕೆ ಹಿಡಿದ ನೀರು ಬೆಳ್ಳಗಿದ್ದು, ತಳದಿಂದ ಮೇಲಕ್ಕೆ ತಿಳಿಯಾಗುತ್ತ ಬಂದರೆ ಅದು ಬರೀ ಗಾಳಿ. ಅದಕ್ಕೆ ಪರೀಕ್ಷೆಯ ಖರ್ಚು ಬೇಡ. ತಿಳಿಯಾಗಿ ಬಂದದ್ದು ನಿಂತ ಮೇಲೆ ಕೆಂಚಗಾದರೆ ಕಬ್ಬಿಣದಂಶವನ್ನು ನೋಡಿಸಬೇಕು. ನೈಟ್ರೇಟ್, ಫ್ಲೋರೈಡ್, ರೋಗಾಣುಗಳು ಕಣ್ಣಿಗೂ ನಾಲಿಗೆಗೂ ಸಿಗುವುದಿಲ್ಲ. ಕುಡಿಯುವ ನೀರಿನ ಮಟ್ಟಿಗೆ ನಾನು ಮೊದಲು ಕೇಳುವುದು ಇವನ್ನೇ, ಗಡಸುತನವನ್ನಲ್ಲ. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಆದರೆ ನೈಟ್ರೇಟ್ ಮತ್ತು ಫ್ಲೋರೈಡ್ ನೀರು ಇಂಗಿದಷ್ಟೂ ಸಾಂದ್ರವಾಗುತ್ತವೆ.

ಎರಡು ಬಾಟಲಿ ತಂದಿದ್ದವರಿಗೆ ಯಂತ್ರವನ್ನು ಉಳಿಸಿಕೊಳ್ಳಲು ಹೇಳಿದೆ, ಅಡುಗೆಮನೆಯ ನಲ್ಲಿಗೆ ಮಾತ್ರ ಅದನ್ನು ಬಿಟ್ಟು ನೇರ ಪೈಪು ಎಳೆಸಲು ಸೂಚಿಸಿದೆ. ಗಡಸುತನ ಅಷ್ಟು ಇಳಿದಾಗ ಅವರ ನೀರಿಗೆ ಲೀಟರಿಗೆ ಸುಮಾರು 147 ಮಿಲಿಗ್ರಾಂ ಸೋಡಿಯಂ ಸೇರಿರುತ್ತದೆ. ರಕ್ತದೊತ್ತಡಕ್ಕಾಗಿ ಉಪ್ಪು ಬಿಟ್ಟವರು ಮನೆಯಲ್ಲಿದ್ದರೆ ಅದನ್ನು ಕುಡಿಸುವ ಅಗತ್ಯವಿಲ್ಲ. ಯಂತ್ರ ನಡೆಯುತ್ತಿದೆಯೇ ಎಂದು ನೋಡಿಕೊಳ್ಳಲು ಟಿಡಿಎಸ್ ಮೀಟರು ಬೇಡ. ಅರ್ಧ ಬಾಟಲಿ ನೀರಿಗೆ ಸಾದಾ ಸೋಪಿನ ಚೂರೊಂದನ್ನು ಹಾಕಿ ಕುಲುಕಬೇಕು. ಡಿಟರ್ಜೆಂಟ್ ಎಂಥ ನೀರಿನಲ್ಲೂ ನೊರೆಯುವುದರಿಂದ ಅದು ಆಗದು. ನೊರೆ ಏಳದೆ ನೀರು ಹಾಲಿನಂತೆ ಕದಡಿದರೆ, ರೆಸಿನ್ನಿಗೆ ಮತ್ತೆ ಸೋಡಿಯಂ ತುಂಬಲು ಉಪ್ಪು ನೀರು ಹಾಯಿಸುವ ಹೊತ್ತಾಗಿದೆ.