ಗಣಿ ಮುಚ್ಚಿದ ಮೇಲೆ ಉಳಿದ ಕೋಕ್ ಗೂಡುಗಳು

ಕೋಲಾರದ ನಮಗೆ ಮುಚ್ಚಿದ ಗಣಿ ಹೊಸದಲ್ಲ. ಕೆಜಿಎಫ್ 2001ರಲ್ಲಿ ನಿಂತಿತು, ಸೈನೈಡ್ ದಿಬ್ಬಗಳು ಉಳಿದವು. ಕಲ್ಲಿದ್ದಲಿನ ಸೀಮೆಯಲ್ಲಿ ಉಳಿಯುವುದು ಬೇರೆ: ಸಾಲಾಗಿ ನಿಂತ ಗುಮ್ಮಟದಂಥ ಇಟ್ಟಿಗೆ ಗೂಡುಗಳು.

ಅವು ಯಾಕೆ ಬೇಕಾಗಿದ್ದವು? ಅದಿರಿನಿಂದ ಕಬ್ಬಿಣ ಕರಗಿಸುವ ಊದುಕುಲುಮೆಗೆ ಹಸಿ ಕಲ್ಲಿದ್ದಲು ಆಗಿಬರುವುದಿಲ್ಲ. ಅದು ಅದಿರಿನ ಭಾರಕ್ಕೆ ಪುಡಿಯಾಗುತ್ತದೆ, ಗಂಧಕ ಬೇರೆ ಇರುತ್ತದೆ. ಗಾಳಿ ಹೆಚ್ಚು ಸೋಕದಂತೆ ಕಲ್ಲಿದ್ದಲನ್ನು ಸುಟ್ಟಾಗ ಉಳಿಯುವ ಗಟ್ಟಿಯಾದ ಕೋಕ್ ಬೇಕು. ಸುಟ್ಟಾಗ ತೂಕ ಸುಮಾರು ಮೂರನೇ ಒಂದು ಭಾಗ ಇಳಿಯುವುದರಿಂದ, ಗಣಿಯ ಹತ್ತಿರವೇ ಸುಟ್ಟು ಕಳಿಸಿದರೆ ರೈಲಿನ ಖರ್ಚು ಉಳಿಯುತ್ತದೆ.

ನಮ್ಮ ಕಡೆ ಜಾಲಿ ಕಟ್ಟಿಗೆ ಒಟ್ಟಿ, ಮಣ್ಣು ಮೆತ್ತಿ ಇದ್ದಿಲು ಸುಡುತ್ತಾರಲ್ವಾ, ಹೆಚ್ಚುಕಮ್ಮಿ ಅದೇ ಕೆಲಸ. ಗುಮ್ಮಟದ ನೆತ್ತಿಯ ತೂತಿನಿಂದ ಕಲ್ಲಿದ್ದಲು ಸುರಿಯುತ್ತಾರೆ. ಬಾಗಿಲಿಗೆ ಇಟ್ಟಿಗೆ ಕಟ್ಟಿ, ಜೇಡಿ ಮೆತ್ತಿ, ಮೇಲೆ ಸಣ್ಣ ಸಂದು ಬಿಡುತ್ತಾರೆ. ಹಿಂದಿನ ಸುಡುವಿಕೆಯ ಕಾವು ಗೋಡೆಯಲ್ಲಿ ಇರುತ್ತದೆ, ಹಾಗಾಗಿ ಹೊಸದಾಗಿ ಬೆಂಕಿ ಹಚ್ಚಬೇಕಿಲ್ಲ. ಕಲ್ಲಿದ್ದಲಿನಿಂದ ಹೊರಟ ಅನಿಲ ಗುಮ್ಮಟದ ಕೆಳಗೆ ಉರಿದು, ಆ ಶಾಖವೇ ಕಲ್ಲಿದ್ದಲನ್ನು ಬೇಯಿಸುತ್ತದೆ. ಎರಡು ಮೂರು ದಿನದ ನಂತರ ಬಾಗಿಲು ಒಡೆದು, ನೀರು ಹಾಯಿಸಿ, ಉದ್ದನೆಯ ಕಬ್ಬಿಣದ ಸಲಕರಣೆಯಿಂದ ಕೈಯಾರೆ ಎಳೆಯಬೇಕು. ಆ ಧಗೆಯ ಮುಂದೆ ನಿಂತು! ಚಿತ್ರಗಳಲ್ಲಿ ಗೂಡುಗಳು ಚೆಂದ ಕಾಣುತ್ತವೆ, ಈ ಭಾಗ ಕಾಣುವುದಿಲ್ಲ.

ಒಂದು ಉದಾಹರಣೆ ಸಾಕು. ಅಮೆರಿಕದ ಕೊಲರಾಡೋದ ರೆಡ್‌ಸ್ಟೋನ್‌ನಲ್ಲಿ 249 ಗೂಡುಗಳಿದ್ದವು. ಕೋಲ್ ಬೇಸಿನ್ ಗಣಿಯಿಂದ ಸಣ್ಣ ರೈಲಿನಲ್ಲಿ ಕಲ್ಲಿದ್ದಲು ಬರುತ್ತಿತ್ತು. 1909ರಲ್ಲಿ ಗಣಿ ನಿಂತಿತು, ಗೂಡುಗಳೂ ತಣ್ಣಗಾದವು. 1990ರಲ್ಲಿ ಅವು ಅಲ್ಲಿನ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿ ಸೇರಿದವು.

ರೆಡ್‌ಸ್ಟೋನ್‌ನಲ್ಲಿ ಗಣಿ ಮುಚ್ಚಿದ್ದೇ ಕಾರಣ. ಆದರೆ ಗಣಿ ನಡೆಯುತ್ತಿದ್ದ ಕಡೆಯೂ ಇಂಥ ಗೂಡುಗಳು ಹಾಳುಬಿದ್ದವು. ಪರೀಕ್ಷೆಗೆ ಓದುವವರು ಗಮನಿಸಬೇಕಾದ್ದು ಇದೇ. ಇವುಗಳಲ್ಲಿ ಟಾರು, ಅಮೋನಿಯಾ, ಉರಿಯುವ ಅನಿಲ ಎಲ್ಲ ಸುಮ್ನೆ ಹೊಗೆಯಾಗಿ ಹೋಗುತ್ತಿತ್ತು. ಅವನ್ನೆಲ್ಲ ಹಿಡಿದಿಡುವ ಮುಚ್ಚಿದ ಕೋಕ್ ಘಟಕಗಳು ಬಂದ ಮೇಲೆ ಹಳೆಯದು ನಷ್ಟದ ಬಾಬತ್ತಾಯಿತು. ಅಮೆರಿಕದಲ್ಲಿ 1919ಕ್ಕೆ ಹೊಸ ಘಟಕಗಳ ಕೋಕ್ ಉತ್ಪಾದನೆ ಹಳೆ ಗೂಡುಗಳನ್ನು ಮೀರಿಸಿತು.

ಹಳೆ ಮೈಸೂರಿನಲ್ಲಿ ಕಲ್ಲಿದ್ದಲೇ ಇಲ್ಲ. 1923ರಲ್ಲಿ ಶುರುವಾದ ಭದ್ರಾವತಿ ಊದುಕುಲುಮೆ ಮಲೆನಾಡಿನ ಮರದ ಇದ್ದಿಲಿನಿಂದ ಉರಿಯಿತು. ಜೊತೆಗೇ ಕಟ್ಟಿಗೆ ಬಟ್ಟಿ ಇಳಿಸುವ ಘಟಕವಿತ್ತು. ಇದ್ದಿಲಾಗುವಾಗ ಹೊರಡುವ ಹೊಗೆಯಿಂದ ಅಲ್ಲಿ ಟಾರು, ಮರದ ಸ್ಪಿರಿಟ್ (ಮೆಥನಾಲ್) ತೆಗೆಯುತ್ತಿದ್ದರು.