ಹತ್ತೋಕೆ ಎಷ್ಟು ಇಂಧನವೋ ಇಳಿಯೋಕೂ ಅಷ್ಟೇ ಬೇಕಾ?

ಪ್ರಶ್ನೆ: ರಾಕೆಟ್ಟಿನ ಬೂಸ್ಟರ್, ಅಂದರೆ ಅದರ ಕೆಳಗಿನ ಹಂತ, ಎಂಜಿನ್ ಉರಿಸಿಕೊಂಡೇ ವಾಪಸ್ ಇಳಿಯುತ್ತದೆ. ಹತ್ತುವಾಗ ಸುಟ್ಟಷ್ಟೇ ಇಂಧನವನ್ನು ಇಳಿಯುವಾಗಲೂ ಸುಡಬೇಕು ಅಲ್ವಾ? ಹಾಗಾದರೆ ಉಳಿತಾಯ ಎಲ್ಲಿಂದ ಬಂತು? ಸುಮ್ನೆ ಒಂದು ಪ್ಯಾರಾಚೂಟ್ ಕಟ್ಟಬಾರದೇ?

ಉತ್ತರ: ಈ ಪ್ರಶ್ನೆ ಎಷ್ಟನೇ ಸಲ ಬಂತೋ, ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ. ಪ್ಯಾರಾಚೂಟ್ ವಿಷಯ ಚಿಕ್ಕದು, ಮೊದಲು ಅದನ್ನು ಮುಗಿಸೋಣ. ಅಮೆರಿಕದ ರಾಕೆಟ್ ಕಂಪನಿ ಸ್ಪೇಸ್‌ಎಕ್ಸ್ ಕೂಡ 2010ರಲ್ಲಿ ತನ್ನ ಫಾಲ್ಕನ್ 9 ರಾಕೆಟ್ಟಿನ ಮೊದಲ ಎರಡು ಹಾರಾಟಗಳಲ್ಲಿ ಪ್ಯಾರಾಚೂಟನ್ನೇ ನಂಬಿತ್ತು. ಅದು ಬಿಚ್ಚಿಕೊಳ್ಳುವ ಹೊತ್ತು ಬರುವ ಮೊದಲೇ ಗಾಳಿಯ ಹೊಡೆತಕ್ಕೆ ಬೂಸ್ಟರ್ ಚೂರುಚೂರಾಗಿತ್ತು. ಸ್ಪೇಸ್ ಶಟಲ್‌ನ ಪಕ್ಕದ ಬೂಸ್ಟರುಗಳು ಪ್ಯಾರಾಚೂಟಿನಲ್ಲೇ ಇಳಿಯುತ್ತಿದ್ದವಲ್ಲ ಅಂತೀರಿ. ಅವು ದಪ್ಪ ಉಕ್ಕಿನ ಕೊಳವೆಗಳು. ಸಮುದ್ರಕ್ಕೆ ಬಿದ್ದವನ್ನು ಹಡಗಿನಲ್ಲಿ ಎಳೆದು ತಂದು, ಬಿಡಿಬಿಡಿಯಾಗಿ ಬಿಚ್ಚಿ, ತೊಳೆದು, ಮತ್ತೆ ಇಂಧನ ತುಂಬಬೇಕಿತ್ತು. ನಾಜೂಕಾದ ಎಂಜಿನ್ ಇರುವ ಬೂಸ್ಟರಿಗೆ ಉಪ್ಪುನೀರಿನ ಸ್ನಾನ ಆಗಿಬರುವುದಿಲ್ಲ.

ಈಗ ಆ ಹಟಮಾರಿ ನಂಬಿಕೆಗೆ ಬರೋಣ. 'ಹತ್ತಲು ಎಷ್ಟೋ, ಇಳಿಯಲೂ ಅಷ್ಟೇ.' ಕೇಳಲು ನ್ಯಾಯವಾಗಿದೆ. ಅದಕ್ಕೇ ಎಷ್ಟು ಹೊಡೆದರೂ ಸಾಯುವುದಿಲ್ಲ.

ಮೊದಲು ತೂಕ ನೋಡಿ. ಹೊರಡುವಾಗ ಫಾಲ್ಕನ್ 9 ಸುಮಾರು 550 ಟನ್ ಇರುತ್ತದೆ. ಅದರಲ್ಲಿ ಬೂಸ್ಟರಿನ ಸೀಮೆಎಣ್ಣೆ ಮತ್ತು ದ್ರವ ಆಮ್ಲಜನಕವೇ 400 ಟನ್ ಆಸುಪಾಸು. ಇಷ್ಟನ್ನೂ ಹೊತ್ತು, ಮೇಲಿನ ಹಂತವನ್ನೂ ಉಪಗ್ರಹವನ್ನೂ ತಲೆಯ ಮೇಲೆ ಇಟ್ಟುಕೊಂಡು ಏರಬೇಕು. ಇಳಿಯುವುದು ಏನು? ಖಾಲಿ ಡಬ್ಬಿ. ಉದ್ದ 40 ಮೀಟರಿಗೂ ಜಾಸ್ತಿ, ತೂಕ ಮಾತ್ರ 25 ಟನ್ನಿನ ಆಸುಪಾಸು. ಲೋಡ್ ತುಂಬಿದ ಲಾರಿ ಘಾಟಿ ಹತ್ತುವುದಕ್ಕೂ ಖಾಲಿ ಲಾರಿ ಇಳಿಯುವುದಕ್ಕೂ ಒಂದೇ ಡೀಸೆಲ್ ಅಂತ ಯಾವ ಡ್ರೈವರೂ ಹೇಳುವುದಿಲ್ಲ.

ನಂಬಿಕೆ ಬರದಿದ್ದರೆ ಒಂದು ಉಡಾವಣೆಯ ವಿಡಿಯೊ ಹಾಕಿಕೊಂಡು ಗಡಿಯಾರ ಹಿಡಿದು ಕೂರಿ. ನಾನು ಕೂತಿದ್ದೇನೆ. ಏರುವಾಗ 9 ಎಂಜಿನ್ ಸುಮಾರು 150 ಸೆಕೆಂಡು ಉರಿಯುತ್ತವೆ. ಗುಣಿಸಿದರೆ 1350. ಸಮುದ್ರದಲ್ಲಿ ನಿಂತ ಹಡಗಿನ ಮೇಲೆ ಇಳಿಯುವಾಗ, ದಟ್ಟ ಗಾಳಿಗೆ ನುಗ್ಗುವ ಮೊದಲು 3 ಎಂಜಿನ್ ಸುಮಾರು 20 ಸೆಕೆಂಡು ಉರಿಯುತ್ತವೆ. ಕೊನೆಗೆ 1 ಎಂಜಿನ್ ಸುಮಾರು 30 ಸೆಕೆಂಡು. ಒಟ್ಟು 90. ಎಂಜಿನ್ ಎಲ್ಲ ಹೊತ್ತೂ ಒಂದೇ ಜೋರಿನಲ್ಲಿ ಉರಿಯುವುದಿಲ್ಲ, ಹಾಗಾಗಿ ಇದು ಅಂದಾಜು. ಆದರೂ 1350ರ ಮುಂದೆ 90 ಅಂದರೆ ನೂರಕ್ಕೆ ಏಳೂ ಆಗಲಿಲ್ಲ.

ಹಾಗಾದರೆ ಬ್ರೇಕ್ ಹಾಕುವುದು ಯಾರು? ಗಾಳಿ. ಪರದೆಯ ಮೂಲೆಯಲ್ಲಿ ವೇಗ ತೋರಿಸುತ್ತಾರಲ್ಲ, ಅದನ್ನು ನೋಡುತ್ತಿರಿ. ಗಂಟೆಗೆ ಸುಮಾರು 8 ಸಾವಿರ ಕಿಲೋಮೀಟರ್ ಇದ್ದದ್ದು ಮೂರು ಎಂಜಿನ್ ಉರಿದ ಮೇಲೆ 6 ಸಾವಿರದ ಹತ್ತಿರ ಬರುತ್ತದೆ. ಎಂಜಿನ್ ಆರುತ್ತದೆ, ಆದರೆ ಅಂಕಿ ಇಳಿಯುತ್ತಲೇ ಇರುತ್ತದೆ. ಕೊನೆಯ ಎಂಜಿನ್ ಹೊತ್ತಿಕೊಳ್ಳುವಾಗ ಸಾವಿರದ ಆಸುಪಾಸು ಉಳಿದಿರುತ್ತದೆ. ನಡುವಿನ ಅಷ್ಟೂ ವೇಗವನ್ನು ಗಾಳಿ ಪುಕ್ಕಟೆಯಾಗಿ ತಿಂದುಹಾಕಿತು!

ಇನ್ನೊಂದು ಎಡವಟ್ಟೂ ಇದೆ. ಬೂಸ್ಟರ್ ಕಕ್ಷೆಯಿಂದ ವಾಪಸ್ ಬರುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಅದು ಕಕ್ಷೆಯ ಮುಖವನ್ನೇ ನೋಡಿಲ್ಲ. ಕಕ್ಷೆಗೆ ಗಂಟೆಗೆ 28 ಸಾವಿರ ಕಿಲೋಮೀಟರ್ ವೇಗ ಬೇಕು. ಬೂಸ್ಟರ್ ಅದರ ಮೂರನೇ ಒಂದು ಭಾಗದಷ್ಟು ವೇಗದಲ್ಲೇ ಕಳಚಿಕೊಳ್ಳುತ್ತದೆ. ಮಿಕ್ಕಿದ್ದು ಮೇಲಿನ ಹಂತದ ಕೆಲಸ, ಮತ್ತು ಆ ಹಂತ ವಾಪಸ್ ಬರುವುದಿಲ್ಲ.

ಹಾಗಂತ ಇಳಿಯುವುದು ಪೂರ್ತಿ ಪುಕ್ಕಟೆ ಅಲ್ಲ. ಉಳಿಸಿಟ್ಟ ಇಂಧನವನ್ನೂ, ಕಾಲು, ಗಾಳಿಯಲ್ಲಿ ದಾರಿ ತಿದ್ದುವ ಜಾಲರಿ ರೆಕ್ಕೆಗಳನ್ನೂ ಮೇಲಿನ ತನಕ ಹೊರಲೇಬೇಕು. ಬೂಸ್ಟರನ್ನು ಕೈಬಿಟ್ಟರೆ ಭೂಮಿಯ ಹತ್ತಿರದ ಕಕ್ಷೆಗೆ 22.8 ಟನ್ ಒಯ್ಯಬಹುದು. ಹಡಗಿನ ಮೇಲೆ ಇಳಿಸಿಕೊಂಡರೆ 17 ಟನ್ನಿನ ಮೇಲೆ ಸ್ವಲ್ಪ. ಹೊರಟ ಜಾಗಕ್ಕೇ ಬರಬೇಕೆಂದರೆ ತಿರುಗಿ ಹಿಂದಕ್ಕೆ ತಳ್ಳಿಕೊಳ್ಳಲು ಇನ್ನೊಮ್ಮೆ ಉರಿಸಬೇಕು, ನಷ್ಟ ಇನ್ನೂ ಜಾಸ್ತಿ. ಹಡಗನ್ನು ನೂರಾರು ಕಿಲೋಮೀಟರ್ ದೂರ ಕಳಿಸಿ ಕಾಯಿಸುವುದು ಅದಕ್ಕೇ. ಆದರೆ ಇಂಧನದ ಖರ್ಚು ರಾಕೆಟ್ಟಿನ ಬೆಲೆಯಲ್ಲಿ ನೂರಕ್ಕೆ ಒಂದು ಪಾಲೂ ಅಲ್ಲ. ದುಬಾರಿ ಆಗಿರುವುದು ಆ ಡಬ್ಬಿ ಮತ್ತು ಒಂಬತ್ತು ಎಂಜಿನ್. 2017ರ ಮಾರ್ಚ್‌ನಲ್ಲಿ ಒಂದು ಬೂಸ್ಟರ್ ಎರಡನೇ ಸಲ ಹಾರಿದ್ದೇ ದೊಡ್ಡ ಸುದ್ದಿಯಾಗಿತ್ತು. ಈಗ 30 ಸಲ ದಾಟಿದವೂ ಇವೆ.

ಇಷ್ಟು ಹೇಳಿದ ಮೇಲೆ ಯಾರೂ ಕೇಳದ ಒಂದು ಪ್ರಶ್ನೆ ನನಗೇ ಬರುತ್ತದೆ. ಕೊನೆಯ ಆ ಒಂದು ಎಂಜಿನ್ ಹೊತ್ತಿಕೊಳ್ಳದಿದ್ದರೆ?

ಅದನ್ನು ಮೊದಲೇ ಹೊತ್ತಿಸಿ ನಿಧಾನಕ್ಕೆ ಇಳಿಯೋಣ ಅಂದರೆ ಆಗದು. ಆ ಎಂಜಿನ್ನನ್ನು ಎಷ್ಟು ಸಣ್ಣಗೆ ಉರಿಸಿದರೂ ಅದು ಮೇಲಕ್ಕೆ ತಳ್ಳುವ ಬಲ ಖಾಲಿ ಡಬ್ಬಿಯ ತೂಕಕ್ಕಿಂತ ಜಾಸ್ತಿ. ಗಾಳಿಯಲ್ಲಿ ತೇಲಿ ನಿಲ್ಲುವ ಮಾತೇ ಇಲ್ಲ. ಬೇಗ ಹೊತ್ತಿಸಿದರೆ ನೆಲ ಮುಟ್ಟುವ ಮೊದಲೇ ಮತ್ತೆ ಮೇಲಕ್ಕೆ ಹೊರಡುತ್ತದೆ. ವೇಗ ಸೊನ್ನೆಯಾಗುವುದೂ ಕಾಲು ನೆಲಕ್ಕೆ ತಾಗುವುದೂ ಒಂದೇ ಗಳಿಗೆಯಲ್ಲಿ ಆಗಬೇಕು. ಆದ್ದರಿಂದ ನೆಲದ ಮೇಲೆ ಇಳಿಯುವ ಬೂಸ್ಟರ್ ಮೊದಲು ಗುರಿ ಇಡುವುದು ದಡದಾಚೆಯ ಸಮುದ್ರಕ್ಕೆ. ಎಂಜಿನ್ ಸರಿಯಾಗಿ ಹೊತ್ತಿದ ಮೇಲೇ ಇಳಿಯಬೇಕಾದ ಕಾಂಕ್ರೀಟ್ ಕಟ್ಟೆಯ ಕಡೆ ವಾಲುತ್ತದೆ.

2018ರ ಡಿಸೆಂಬರ್‌ನಲ್ಲಿ ಅಮೆರಿಕದ ಉಡಾವಣಾ ಕೇಂದ್ರ ಕೇಪ್ ಕೆನವೆರಲ್‌ನಲ್ಲಿ ಇದು ಕೆಲಸಕ್ಕೆ ಬಂತು. ಜಾಲರಿ ರೆಕ್ಕೆಗಳ ಹೈಡ್ರಾಲಿಕ್ ಪಂಪ್ ಕೈಕೊಟ್ಟು ಬೂಸ್ಟರ್ ಬುಗುರಿಯಂತೆ ಗಿರಗಿರ ತಿರುಗತೊಡಗಿತು. ಎಂಜಿನ್ ಹೊತ್ತಿತು, ತಿರುಗಾಟ ನಿಧಾನವಾಯಿತು, ಕಾಲುಗಳು ಬಿಚ್ಚಿಕೊಂಡವು. ಕಟ್ಟೆಗೆ ಮಾತ್ರ ಬರಲಿಲ್ಲ. ದಡದ ಹತ್ತಿರದ ನೀರಿಗೆ ನೆಟ್ಟಗೆ ಇಳಿದು, ಮೆಲ್ಲಗೆ ಮಗ್ಗುಲಾಗಿ ತೇಲುತ್ತಾ ಬಿದ್ದುಕೊಂಡಿತು. ಆಮೇಲೆ ದೋಣಿಗಳು ಅದನ್ನು ಬಂದರಿಗೆ ಎಳೆದು ತಂದವು. ಮತ್ತೆ ಹಾರಲಿಲ್ಲ.